ಆರನೆಯ ಎಸಳು

ಊಟದೆಲೆಗೆ ಬದನೆಕಾಯಿ ಎಣ್ಣೆಗಾಯಿ ಬಿದ್ದರೆ ನಾನು ಮೊದಲು ತಿನ್ನುವುದಿಲ್ಲ, ಎಣಿಸುತ್ತೇನೆ. ಕಾಯಿಯ ತಲೆಯ ಮೇಲೆ ತೊಟ್ಟಿಗಂಟಿಕೊಂಡು ಒಂದು ಹಸಿರು ಟೊಪ್ಪಿ ಇರುತ್ತದಲ್ಲ, ಅದರ ಚೂಪು ಚೂಪು ತುದಿಗಳನ್ನು. ಎಲ್ಲರೂ ಅದನ್ನು ಎಲೆಯ ಅಂಚಿಗೆ ತಳ್ಳಿ ಮುಂದಿನ ತುತ್ತಿಗೆ ಹೋಗುತ್ತಾರೆ. ನಾನು ಎತ್ತಿಕೊಂಡು, ಮಸಾಲೆಯನ್ನೆಲ್ಲ ಚೀಪಿ, ಬೆಳಕಿಗೆ ಹಿಡಿದು ನೋಡುತ್ತೇನೆ. ನೆಂಟರ ಮನೆಯ ನಾಮಕರಣದಲ್ಲಿ ಇದನ್ನು ಕಂಡ ಹಿರಿಯರೊಬ್ಬರು, ಹುಡುಗನಿಗೆ ಬೇಗ ಮದುವೆ ಮಾಡಿಬಿಡಿ ಎಂದು ನಮ್ಮಪ್ಪನಿಗೆ ಸಲಹೆ ಕೊಟ್ಟರು. ಯಾವ ಕಾಯಿಲೆಗೆ ಯಾವ ಔಷಧವೋ!

ನಾನು ಕೆಲಸ ಮಾಡುವುದು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿಯ ಕ್ಯಾಂಟೀನಿನಲ್ಲಿ ಜೊತೆಗೆ ಕೂರುವ ಪುಟ್ಟರಾಜು ದಿನವೂ ಕೆಣಕುತ್ತಾನೆ.

"ಏನ್ಲಾ ಅದು, ಬದ್ನೆಕಾಯ್ಗೂ ಜಾತ್ಕ ಬರೀತಿದ್ದೀಯಾ?"

"ಆರು ಕಣ್ಲಾ."

"ಆರಾದ್ರೆ ಏನೀಗ? ಸಾಂಬಾರು ಒಂದ್ ಸೌಟು ಜಾಸ್ತಿ ಆಕ್ತಾರಾ?"

ಅವನಿಗೆ ಉತ್ತರ ಹೇಳಲು ಊಟದ ಬಿಡುವು ಸಾಲದು. ನಿಮಗೆ ಹೇಳುತ್ತೇನೆ, ನಿಮಗೇನು ಸೈರನ್ ಹೊಡೆಯುವುದಿಲ್ಲ. ಒಂದೇ ಷರತ್ತು: ನಡುವೆ ನನಗೆ ಸಿಟ್ಟು ಬರುತ್ತದೆ, ಸಹಿಸಿಕೊಳ್ಳಬೇಕು. ಹಗುರವಾಗಿ ಹೇಳೋಣವೆಂದು ನಾನೂ ಬಹಳ ಸಲ ಪ್ರಯತ್ನಿಸಿದ್ದೇನೆ. ಆಗುವುದಿಲ್ಲ.

ಮೊದಲು ನನ್ನ ಪರಿಚಯ. ನಾನು ಮಿಮಿಕ್ರಿ ಮಾಡುವವನು. ನಮ್ಮ ಕೊತ್ತತ್ತಿ ಸುತ್ತಮುತ್ತ ಗಣೇಶನನ್ನು ಕೂರಿಸಿದ ಕಡೆಯೆಲ್ಲ ಆರ್ಕೆಸ್ಟ್ರಾದವರು ಚಹಾ ಕುಡಿಯುವಷ್ಟು ಹೊತ್ತು ಮೈಕು ನನ್ನ ಕೈಗೆ ಬರುತ್ತದೆ. ಡೇರಿಯ ಕಾರ್ಯದರ್ಶಿ ಕೆಮ್ಮುವುದು, ಪೂಜಾರಪ್ಪ ಮಂತ್ರದ ನಡುವೆ ಫೋನ್ ಎತ್ತುವುದು, ನಮ್ಮಪ್ಪ ಸಾಲ ಕೇಳಲು ಬಂದವರ ಮುಂದೆ ಕಿವುಡಾಗುವುದು, ಎಲ್ಲವೂ ನನ್ನ ಸರಕು. ಕೊನೆಗೆ ನನ್ನನ್ನೇ ಮಾಡುತ್ತೇನೆ, ಚಪ್ಪಾಳೆಗಾಗಿ ಕತ್ತು ಚಾಚುವ ಹುಂಜದ ಹಾಗೆ. ಅದಕ್ಕೇ ಹೆಚ್ಚು ಚಪ್ಪಾಳೆ.

ಒಂದು ವರ್ಷ ಮದ್ದೂರು-ಮಳವಳ್ಳಿ ಖಾಸಗಿ ಬಸ್ಸಿನ ಕಂಡಕ್ಟರೊಬ್ಬರನ್ನು ಮಾಡಿದೆ. ಅವರೇ ಜನದ ನಡುವೆ ನಿಂತಿದ್ದರು. ಮುಗಿದ ಮೇಲೆ ಬಂದು ಭುಜ ಹಿಡಿದರು. "ಎಲ್ಲಾ ಸರಿಯಾಗೈತೆ ಕಣಪ್ಪ, ಆದ್ರೆ ನಾನು ಟಿಕೀಟು ಅರಿಯೋದು ಎಡಗೈಲಿ. ನೀನು ಬಲಗೈಲಿ ಅರ್ದೆ." ನನಗೆ ಅವಮಾನವಾಯಿತು. ಮಾರನೆಯ ದಿನ ಮದ್ದೂರಿನಲ್ಲಿ ಅವರ ಬಸ್ಸು ಹತ್ತಿ ಮಳವಳ್ಳಿಯವರೆಗೆ ಅವರ ಕೈಯನ್ನೇ ನೋಡುತ್ತ ಕುಳಿತೆ. ಹರಿಯುತ್ತಿದ್ದುದು ಬಲಗೈ! ಇಳಿಯುವಾಗ ತೋರಿಸಿದೆ. ಅವರು ತಮ್ಮ ಬಲಗೈಯನ್ನು, ಬಹಳ ವರ್ಷದ ಮೇಲೆ ಸಿಕ್ಕ ಸೋದರಮಾವನನ್ನು ನೋಡುವಂತೆ, ತಿರುಗಿಸಿ ತಿರುಗಿಸಿ ನೋಡಿಕೊಂಡು, "ಅಂಗಾ!" ಎಂದರು.

ಅಂದಿನಿಂದ ನನ್ನದೊಂದು ನಿಯಮ. ಕೈ ಯಾರದ್ದೇ ಇರಲಿ, ಅದರ ಬಗ್ಗೆ ಯಾರ ಮಾತನ್ನೂ ನಂಬಬಾರದು, ಕೈಯ ಒಡೆಯನ ಮಾತನ್ನೂ. ನೋಡಬೇಕು. ಮತ್ತೆ ನೋಡಬೇಕು. ವಿಜ್ಞಾನ ಅಂದರೂ ಇಷ್ಟೇ ಎಂದು ಆಮೇಲೆ ಎಲ್ಲೋ ಓದಿ ಎದೆಯುಬ್ಬಿಸಿಕೊಂಡೆ. ಆದರೆ ಇದನ್ನು ನನಗೆ ಕಲಿಸಿದ್ದು ಬಸ್ಸು, ನಾನು ಕೂತ ಯಾವ ಜೀವಶಾಸ್ತ್ರದ ತರಗತಿಯೂ ಅಲ್ಲ. ಸಿಟ್ಟು ಶುರುವಾಗುವುದು ಇಲ್ಲಿಂದಲೇ.

ಊರಿನ ಶಾಲೆಯಲ್ಲಿ ಜೀವಿಗಳ ಲಕ್ಷಣ ಹೇಳಿಕೊಟ್ಟರು. ಜೀವಿ ಚಲಿಸುತ್ತದೆ, ಆಹಾರ ಸೇವಿಸುತ್ತದೆ, ಉಸಿರಾಡುತ್ತದೆ, ಕಲ್ಮಶ ಹೊರಹಾಕುತ್ತದೆ, ಸಂತಾನ ಪಡೆಯುತ್ತದೆ. ರಾಗವಾಗಿ ಹೇಳಿದೆವು. ನಾನು ಎದ್ದು ಕೇಳಿದೆ, "ಸಾ, ನಮ್ಮಪ್ಪನ ಮೊಪೆಡ್ಡು ಚಲಿಸ್ತದೆ, ಪೆಟ್ರೋಲ್ ಕುಡೀತದೆ, ಹೊಗೆ ಬುಡ್ತದೆ. ಅದು ಜೀವಿನಾ?"

"ಮರಿ ಹಾಕುತ್ತೇನೋ ಅದು?" ಎಂದರು ಮೇಷ್ಟ್ರು. ತರಗತಿ ನಕ್ಕಿತು. ಅಲ್ಲಿಗೇ ಕೂತಿದ್ದರೆ ಆಗುತ್ತಿತ್ತು.

"ನಮ್ಮ ದೊಡ್ಡಪ್ಪಂಗೂ ಮಕ್ಕಳಿಲ್ಲ ಸಾ. ಅವ್ರು ಜೀವಿ ಅಲ್ವಾ?"

ಬೆನ್ನ ಮೇಲೆ ಬಿದ್ದದ್ದು ಬೆತ್ತ. ಸಂಜೆ ಸುದ್ದಿ ದೊಡ್ಡಪ್ಪನ ಕಿವಿಗೂ ಹೋಗಿ ಇನ್ನೊಂದು ಸುತ್ತು. ತಮಾಷೆಯೆಂದರೆ, ಪಿಯು ಪುಸ್ತಕದ ಮೊದಲ ಪಾಠದಲ್ಲೇ ಆ ಪ್ರಶ್ನೆ ಅಚ್ಚಾಗಿತ್ತು: ಹೇಸರಗತ್ತೆ ಮರಿ ಹಾಕುವುದಿಲ್ಲ, ಆದರೂ ಅದು ಜೀವಿಯೇ. ದೊಡ್ಡಪ್ಪನನ್ನು ಹೇಸರಗತ್ತೆಯ ಪಕ್ಕ ನಿಲ್ಲಿಸಿ ಪುಸ್ತಕ ನನ್ನನ್ನು ಗೆಲ್ಲಿಸಿತು. ಬೆತ್ತದ ಏಟನ್ನು ಮಾತ್ರ ಯಾರೂ ವಾಪಸು ಪಡೆಯಲಿಲ್ಲ.

ಪಿಯುಗೆ ಮಂಡ್ಯದ ಕಾಲೇಜು. ಅಲ್ಲಿ ಜೀವಶಾಸ್ತ್ರಕ್ಕೆ ಇದ್ದವರನ್ನು ನಾವು ಶಾರ್ಪ್ ಸಾರ್ ಎನ್ನುತ್ತಿದ್ದೆವು. "ಪೆನ್ಸಿಲ್ ಶಾರ್ಪ್ ಇರ್ಬೇಕು" ಎಂಬುದು ಅವರು ವಿಷಯಕ್ಕೆ ಬರುವ ದಾರಿ. ಬಹಳ ಸಲ ವಿಷಯವೂ ಅದೇ. ಗೋಡೆಗೆ ಹೂವಿನ ಭಾಗಗಳ ಪಟ ನೇತುಹಾಕಿ, ಕೋಲಿನಿಂದ ಮುಟ್ಟಿ ತೋರಿಸಿ, ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳಿ ಅನ್ನುತ್ತಿದ್ದರು. ಲ್ಯಾಬಿನ ಕಿಟಕಿಯ ಹೊರಗೆ ಒಂದು ಗುಲ್‌ಮೊಹರ್ ಮರ. ಬೇಸಿಗೆಯ ಗಾಳಿಗೆ ಅದರ ಕೆಂಪೆಸಳು ಒಳಗೆ ಹಾರಿ ಬಂದು ನಮ್ಮ ಬೆಂಚಿನ ಮೇಲೆ, ರೆಕಾರ್ಡಿನ ಮೇಲೆ, ಸಾರ್ ತಲೆಯ ಮೇಲೆ ಬೀಳುತ್ತಿದ್ದವು. ಹೂವಿನ ಪಾಠ ನಡೆಯುತ್ತಿದ್ದ ದಿನವೇ ಸಾರ್ ಅಟೆಂಡರನ್ನು ಕರೆದು, "ಏನ್ರೀ ಇದು ಕಸ, ಕಿಟಕಿ ಹಾಕ್ರೀ" ಎಂದರು. ಕಿಟಕಿ ಮುಚ್ಚಿತು, ಕಸ ಗುಡಿಸಿದ್ದಾಯಿತು, ಪಾಠ ಮುಂದುವರಿಯಿತು. ನಾನು ಆ ದೃಶ್ಯವನ್ನು ಕಾಲೇಜ್ ಡೇಯಲ್ಲಿ ಮಾಡಿ ಬಹುಮಾನ ಹೊಡೆದೆ. ಆಗ ಅದು ನನಗೆ ಬರೀ ನಗುವಿನ ವಿಷಯವಾಗಿತ್ತು.

ನಗು ನಿಂತದ್ದು ನನ್ನ ತಂಗಿ ಸಿಂಚನಾ ಅದೇ ಕಾಲೇಜಿಗೆ, ಅದೇ ಸಾರ್ ಕೈಗೆ ಬಿದ್ದಾಗ.

ಒಂದು ಸಂಜೆ ಪಾಳಿ ಮುಗಿಸಿ ಮನೆಗೆ ಬಂದರೆ ಅವಳು ಹಿತ್ತಲ ಮೆಟ್ಟಿಲ ಮೇಲೆ ರೆಕಾರ್ಡ್ ಇಟ್ಟುಕೊಂಡು ಕುಳಿತಿದ್ದಳು. ಅತ್ತು ಮುಗಿಸಿದ ಮುಖ. ಬದನೆಯ ಕುಟುಂಬದ ಹೂವೊಂದನ್ನು ನೋಡಿ ಚಿತ್ರ ಬರೆಯಬೇಕಿತ್ತು. ಉಳಿದವರು ಪುಸ್ತಕ ನೋಡಿ ಬರೆದಿದ್ದರು. ಇವಳೊಬ್ಬಳು ಹಿತ್ತಲಿನ ಗುಂಡುಬದನೆಯ ಹೂವನ್ನು ಮುಂದಿಟ್ಟುಕೊಂಡು ಬರೆದಿದ್ದಳು. ಚೆನ್ನಾಗಿಯೇ ಬರೆದಿದ್ದಳು. ನೇರಳೆ ಬಣ್ಣ, ಬುಡದಲ್ಲಿ ಒಂದಕ್ಕೊಂದು ಅಂಟಿದ ಎಸಳುಗಳು, ನಡುವೆ ಹಳದಿ ಕೇಸರ. ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು. ಪಕ್ಕದಲ್ಲಿ ದಪ್ಪನಾಗಿ "5".

"ಪುಸ್ತಕದಲ್ಲಿ ಈ ಕುಟುಂಬಕ್ಕೆ ಐದೆಸಳು ಅಂತ ಇದೆ ಕಣಣ್ಣ. ನಾನು ಆರು ಬರ್ದಿದೀನಂತೆ. ಇರೋದೇ ಆರು. ಬಾ, ನೀನೇ ನೋಡು."

ನೋಡಿದೆ. ಆರು.

"ಐದು ಬರ್ಕೊಂಡು ಬಂದ್ರೆ ಸೈನ್ ಅಂದ್ರು. ಸೈನ್ ಇಲ್ದಿದ್ರೆ ಪ್ರಾಕ್ಟಿಕಲ್ ಪರೀಕ್ಸೆಗೆ ಕೂರಂಗಿಲ್ವಂತೆ."

ಸಿಂಚನಾಳಿಗೆ ಕೃಷಿ ಓದುವ ಹುಚ್ಚು. ಪರೀಕ್ಷೆಗೆ ಕೂರದಿದ್ದರೆ ಆ ದಾರಿ ಅಲ್ಲೇ ಮುಚ್ಚಿದಂತೆ. ಒಳಗಿನಿಂದ ಅಪ್ಪನ ತೀರ್ಪು ಬಂತು. "ಅಯ್ಯೋ, ಐದೇ ಬರ್ದ್ಬುಡು ಮಗ. ಒಂದ್ ಎಸ್ಳಿಗೋಸ್ಕರ ಒಂದ್ ವರ್ಸ ಕಳ್ಕತೀಯಾ?"

"ಇಲ್ದೆ ಇರೋದ್ನ ಹೆಂಗಪ್ಪ ಬರೀಲಿ?"

"ಇಲ್ದೆ ಇರೋದಲ್ವಲ್ಲ ಮಗ. ಇರೋದ್ರಲ್ಲಿ ಒಂದ್ ಬುಟ್ಬುಡೋದು."

ನಮ್ಮಪ್ಪ ಪಂಚಾಯಿತಿ ರಾಜಿಗಳಲ್ಲಿ ಪಳಗಿದವರು. ಅವರ ದೃಷ್ಟಿಯಲ್ಲಿ ಆರಕ್ಕೂ ಐದಕ್ಕೂ ನಡುವೆ ದೊಡ್ಡ ಜಗಳವೇನಿಲ್ಲ.

ಭಾನುವಾರ ಬೆಳಗ್ಗೆ ಸಿಂಚನಾ ಒಂದು ಮಾತು ತೆಗೆದಳು. "ಒಂದೇ ಹೂವ ನೋಡಿ ಆರು ಅಂದೆ. ಅದೊಂದೇ ಹಂಗಿದ್ರೆ? ಎಲ್ಲಾ ಗಿಡ ನೋಡಣ." ನಾವಿಬ್ಬರೂ ಬದನೆ ಪಾತಿಗೆ ಇಳಿದೆವು. ಅವ್ವ ಹಿಂದೆಯೇ ಓಡಿ ಬಂದಳು.

"ಊವ ಕಿತ್ರೆ ಕೈ ಮುರ್ದಾಕ್ತೀನಿ! ಊವ ಓದ್ರೆ ಕಾಯೆಲ್ಲಿಂದ ಬತ್ತದೆ, ನಿಮ್ ಪುಸ್ತಕ್ದಿಂದ್ಲಾ?"

ಹೀಗಾಗಿ ಬಗ್ಗಿಯೇ ಎಣಿಸಬೇಕಾಯಿತು. ಬದನೆ ಹೂವು ನಾಚಿಕೆಯ ಸೊಸೆಯಂತೆ ನೆಲ ನೋಡುತ್ತದೆ. ಅದರ ಮುಖ ನೋಡಬೇಕೆಂದರೆ ನಾವು ಅದಕ್ಕಿಂತ ತಗ್ಗಬೇಕು. ಬೇಲಿಯಾಚೆ ಹೋಗುತ್ತಿದ್ದವರು ನಿಂತು, "ಏನಮ್ಮ, ಉಂಗ್ರ ಕಳ್ಕಂಡ್ರಾ?" ಎಂದು ಕೇಳಿದರು. ಅವ್ವನನ್ನು ಕೇಳಿದೆ, "ಅವ್ವಾ, ನೀನು ಇಷ್ಟು ಕಾಲದಿಂದ ಬೆಳೀತಿದ್ದೀಯ, ಎಸಳು ಎಷ್ಟಿರ್ತವೆ?"

"ಅದ್ಯಾವಳು ಎಣಿಸ್ತಾಳೆ ಓಗ್ಲಾ" ಎಂದು ಸೆರಗು ಕೊಡವಿದಳು. ಆದರೆ ಹೋಗಲಿಲ್ಲ. ಕೊಂಚ ಹೊತ್ತಿಗೆ ಅವಳೂ ಒಂದು ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, "ಬನ್ರೋ, ಇದ್ರಲ್ಲಿ ಏಳವೆ!" ಎಂದು ಕೂಗಿದಳು.

ಉದ್ದಬದನೆ ಗಿಡಗಳಲ್ಲಿ ಹೆಚ್ಚಿನವು ಐದು. ಗುಂಡುಬದನೆಯಲ್ಲಿ ಹೆಚ್ಚಿನವು ಆರು, ಅಲ್ಲೊಂದು ಇಲ್ಲೊಂದು ಏಳು. ಎಸಳು ಎಷ್ಟೋ, ಹೂವಿನ ಹಿಂದಿನ ಹಸಿರು ಟೊಪ್ಪಿಗೂ ಅಷ್ಟೇ ತುದಿ. ನಾನು ಪಂಡಿತನ ಗತ್ತಿನಲ್ಲಿ, "ಗುಂಡುಬದನೆ ಸಾಲು ತಿಪ್ಪೆ ಪಕ್ಕ ಇದೆ, ಗೊಬ್ಬರದ ಕೊಬ್ಬು" ಎಂದೆ.

"ಹಂಗಾದ್ರೆ ತಿಪ್ಪೆ ಪಕ್ಕ ಇರೋ ಉದ್ದಬದ್ನೆಗೂ ಆರಿರ್ಬೇಕು. ಹೋಗಿ ನೋಡ್ಕಂಡ್ ಬಾ" ಎಂದಳು ಸಿಂಚನಾ.

ಹೋದೆ. ಐದೇ ಇತ್ತು. ವಾಪಸು ಬರುವಾಗ ಕಾಲು ತಿಪ್ಪೆಯೊಳಗೆ ಹೂತು, ನನ್ನ ಊಹೆ ಎಲ್ಲಿ ಸೇರಬೇಕೋ ಅಲ್ಲಿಗೇ ನನ್ನನ್ನೂ ಸೇರಿಸಿತು. ಅವಳ ಊಹೆ ಬೇರೆ: ಗೊಂಚಲಿನಲ್ಲಿ ದೊಡ್ಡ ಹೂವೊಂದು ಇರುತ್ತದೆ, ಕಾಯಿ ಕಚ್ಚುವುದು ಹೆಚ್ಚಾಗಿ ಅದೇ, ಎಸಳು ಹೆಚ್ಚಿರುವುದೂ ಅದಕ್ಕೇ. ಪಕ್ಕದ ಸಣ್ಣ ಹೂವುಗಳಿಗೆ ಐದೇ. ಪಕ್ಕದವರ ತೋಟಕ್ಕೂ ಹೋಗಿ ನೋಡಿದೆವು. ಬಹುಪಾಲು ಸರಿ ಹೋಯಿತು, ಒಂದೆರಡು ಕಡೆ ಕೈಕೊಟ್ಟಿತು. ಕೈಕೊಟ್ಟದ್ದನ್ನೂ ಬರೆದುಕೊಂಡಳು.

"ಯಾಕೆ ಹಿಂಗೆ?" ಎಂದೆ.

"ಗೊತ್ತಿಲ್ಲ ಕಣಣ್ಣ" ಎಂದಳು. ಅವಳ ಮುಖ ಹಬ್ಬದ ದಿನದ ಹಾಗಿತ್ತು.

ಮೊದಲೇ ಹೇಳಿದ್ದೆನಲ್ಲ, ಆ ಸಿಟ್ಟು ಬಂದದ್ದು ಈ ಎರಡು ಪದ ಕೇಳಿದಾಗ. ಪಿಯು ಎರಡು ವರ್ಷ, ಡಿಗ್ರಿ ಮೂರು ವರ್ಷ ಜೀವಶಾಸ್ತ್ರ ಓದಿದವನು ನಾನು. ಒಬ್ಬರೇ ಒಬ್ಬರು ನನ್ನೆದುರು ಗೊತ್ತಿಲ್ಲ ಎಂದಿರಲಿಲ್ಲ. ಎಲ್ಲವೂ ಗೊತ್ತಿತ್ತು, ಎಲ್ಲವೂ ಮುಗಿದಿತ್ತು, ಐದು ಅಂಕಕ್ಕೆ ಐದು ಸಾಲು. ಜೀವ ಇರುವುದನ್ನೆಲ್ಲ ಸಾಯಿಸಿ, ಇಸ್ತ್ರಿ ಮಾಡಿ, ಪೆನ್ಸಿಲ್ ಕೊಟ್ಟು ಕಾಪಿ ಮಾಡಿ ಎಂದಿದ್ದರು. ಒಂದು ಭಾನುವಾರ ಹಿತ್ತಲಿನಲ್ಲಿ ಬಗ್ಗಿ ನೋಡಿದರೆ ಸಿಗುವ ಈ ಸುಖವನ್ನು ನನ್ನಿಂದ ಐದು ವರ್ಷ ಬಚ್ಚಿಟ್ಟವರು ಯಾರು? ಅವರಿಗೆ ಸಂಬಳ ಬೇರೆ!

ಸೋಮವಾರ ನನ್ನದು ಎರಡನೇ ಪಾಳಿ. ಸಿಂಚನಾಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕಾಲೇಜಿಗೆ ಹೋದೆ. ಅವ್ವ ಬೈದುಕೊಂಡೇ ಒಂದು ಹಿಡಿ ಹೂವು ಕೊಯ್ಯಲು ಬಿಟ್ಟಿದ್ದಳು. ಟಿಫನ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಇಟ್ಟಿದ್ದೆವು. ದಾರಿಯುದ್ದಕ್ಕೂ ನಾನು ಭಾಷಣ ತಯಾರಿಸುತ್ತಿದ್ದೆ. ಶಾರ್ಪ್ ಸಾರ್ ಲ್ಯಾಬಿನಲ್ಲಿ ರೆಕಾರ್ಡುಗಳಿಗೆ ಸಹಿ ಹಾಕುತ್ತಿದ್ದರು. ಅಂದು ಹುಡುಗಿಯರ ಸರದಿ, ಸಾಲು ನಿಂತಿತ್ತು.

"ಓಹೋ, ಮಿಮಿಕ್ರಿ! ಏನಯ್ಯಾ ಈ ಕಡೆ?" ಗುರುತು ಹಿಡಿದರು. ಕಾಲೇಜ್ ಡೇಯನ್ನು ಮರೆತಿರಲಿಲ್ಲ.

"ಸಾರ್, ಇವಳು ನನ್ನ ತಂಗಿ. ಹೂವಿನಲ್ಲಿ ಆರು ಎಸಳಿದೆ, ಆರು ಬರೆದಿದ್ದಾಳೆ. ತಪ್ಪೇನು?"

"ಪುಸ್ತಕದಲ್ಲಿ ಐದು. ಪ್ರಶ್ನೆಪತ್ರಿಕೆಯಲ್ಲಿ ಐದು. ಉತ್ತರದ ಸ್ಕೀಮಿನಲ್ಲಿ ಐದು. ನಾಳೆ ಸಿಇಟಿಯಲ್ಲಿ ಐದಕ್ಕೆ ಟಿಕ್ ಹಾಕಿದರೆ ಸೀಟು, ಆರಕ್ಕೆ ಹಾಕಿದರೆ ಮನೆ. ಹೂವಿನಲ್ಲಿ ಎಷ್ಟಿದ್ರೆ ನನಗೇನಯ್ಯಾ? ನಿನ್ನ ತಂಗಿಗೆ ಒಳ್ಳೇದಾಗಲಿ ಅಂತ ಹೇಳ್ತಿರೋದು."

ಒಳ್ಳೇದಾಗಲಿ ಅಂತಲೇ ಹೇಳಿದರು, ಅದು ನನಗೂ ಕಂಡಿತು. ಕಂಡಿದ್ದರಿಂದ ಸಿಟ್ಟು ಇನ್ನೂ ಏರಿತು. ತಯಾರಿಸಿದ ಭಾಷಣ ಬಾಯಿಗೆ ಬರಲಿಲ್ಲ, ಬಂದದ್ದು ಅವರದೇ ದನಿ. ಮೂಗಿನಿಂದ ಎಳೆದು, ಗಲ್ಲ ಎತ್ತಿ, "ಪೆನ್ಸಿಲ್ ಶಾರ್ಪ್ ಇರ್ಬೇಕಮ್ಮಾ, ಕಣ್ಣು ಮುಚ್ಕೊಂಡಿದ್ರೂ ಪರವಾಗಿಲ್ಲ!" ಎಂದುಬಿಟ್ಟೆ.

ಸಾಲಿನ ಹುಡುಗಿಯರು ಕಿಸಕ್ಕೆಂದರು. ಸಾರ್ ಮುಖ ಕಪ್ಪಿಟ್ಟಿತು. ಸಿಂಚನಾ ನನ್ನ ತೋಳನ್ನು ಬಲವಾಗಿ ಚಿವುಟಿ, "ಅಣ್ಣಾ, ನಿನ್ ದಮ್ಮಯ್ಯ, ಆಚೆ ನಿಂತ್ಕೋ" ಎಂದಳು. ತಂಗಿಗೆ ನ್ಯಾಯ ಕೊಡಿಸಲು ಬಂದ ಅಣ್ಣ ಬಂದಷ್ಟೇ ಬೇಗ ಬಾಗಿಲಾಚೆ ಹೋಗಿ ನಿಂತ.

ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಸಿಂಚನಾ ಡಬ್ಬಿ ತೆರೆದು ಒಂದು ಹೂವನ್ನು ಅವರ ಮುಂದಿಟ್ಟಳು. "ಸಾ, ನೀವೇ ಒಂದ್ಸಲ ನೋಡಿ."

ಸಾರ್ ಹೂವನ್ನು ಎತ್ತಿಕೊಂಡರು. ಬೆಂಚಿನ ಮೇಲಿದ್ದ ಬ್ಲೇಡು ತೆಗೆದುಕೊಂಡರು. ಒಂದು ಎಸಳನ್ನು ಬುಡದವರೆಗೆ ಕತ್ತರಿಸಿ, ಎಸಳಿನಷ್ಟೇ ಇರಬೇಕಾದ ಕೇಸರದಲ್ಲೂ ಒಂದನ್ನು ಉಗುರಿನಲ್ಲಿ ಕಿತ್ತು, ಎರಡನ್ನೂ ನೆಲಕ್ಕೆ ಕೊಡವಿದರು.

"ಈಗ ಸರಿಯಾಯ್ತು. ಕೂತ್ಕೊಂಡು ಇದನ್ನ ನೋಡಿ ಬರಿ."

ನಾನು ಜಗತ್ತಿನಲ್ಲಿ ಬಹಳ ಕೆಟ್ಟ ಕೆಲಸಗಳನ್ನೇನೂ ನೋಡಿದವನಲ್ಲ. ಆದರೆ ಪುಸ್ತಕಕ್ಕೆ ಸರಿಹೋಗಲಿ ಎಂದು ಹೂವನ್ನು ತಿದ್ದಿದ್ದನ್ನು ಅವತ್ತು ಕಂಡೆ. ಸಿಂಚನಾ ಡಬ್ಬಿ ಮುಚ್ಚಿದಳು. ಸ್ಟೂಲೆಳೆದುಕೊಂಡು ಕೂತಳು. ಹೊಸ ಪುಟ ತೆಗೆದು, ಆ ಹೂವನ್ನು ಮುಂದಿಟ್ಟುಕೊಂಡು ಬರೆಯತೊಡಗಿದಳು. ಸೋತಳು ಎಂದುಕೊಂಡೆ. ಬರೆದು ಮುಗಿಸಿ ಸಾಲಿನಲ್ಲಿ ನಿಂತು ರೆಕಾರ್ಡ್ ಕೊಟ್ಟಳು. ಸಾರ್ ಪೆನ್ನಿನ ತುದಿಯಿಂದ ಎಸಳು ಮುಟ್ಟಿ ಐದು ಎಣಿಸಿ, ಸಹಿ ಹಾಕಿ, "ನೆಕ್ಸ್ಟ್" ಎಂದರು.

ಗೇಟಿನ ಹೊರಗೆ ಬೈಕಿನ ಹತ್ತಿರ ಬಂದ ಮೇಲೆ ಪುಟ ತೋರಿಸಿದಳು. ಐದೆಸಳು ಇತ್ತು. ಆರನೆಯದರ ಜಾಗದಲ್ಲಿ ಕತ್ತರಿಸಿದ ಅಂಚು, ಇದ್ದದ್ದು ಇದ್ದ ಹಾಗೆ. ಅಲ್ಲಿಂದ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದಳು: "ಸಾರ್ ಬ್ಲೇಡಿನಿಂದ ಕತ್ತರಿಸಿದ ಎಸಳಿನ ಜಾಗ." ಅಕ್ಷರ ಗುಂಡಗಿತ್ತು, ಗೆರೆ ನೇರವಾಗಿತ್ತು, ಪೆನ್ಸಿಲ್ ಬಹಳ ಶಾರ್ಪ್ ಇತ್ತು. ಕೆಳಗೆ ಸಾರ್ ಸಹಿ.

ನಾನು ಕುಣಿದಾಡಿದೆ. "ಗೆದ್ದೆ ಕಣೇ! ಪುಣ್ಯಾತ್ಮ ಓದ್ಲೇ ಇಲ್ಲ!"

ಅವಳು ನಗಲಿಲ್ಲ. "ಅದೇ. ನೋಡ್ಲೇ ಇಲ್ಲ ಕಣಣ್ಣ. ನಾನು ಅವ್ರಿಗೆ ಕಾಣ್ಲಿ ಅಂತ ಬರ್ದಿದ್ದು." ಅಷ್ಟೆಂದು ತಿರುಗಿ ಗೇಟಿನ ಕಡೆ ಹೊರಟಳು.

"ಲೇ, ಸೈನ್ ಆಯ್ತಲ್ಲ, ಬುಡು! ಬಾ!" ಎಂದು ಕೂಗಿದೆ. ಬೆಳಗ್ಗಿನಿಂದ ಸಿಟ್ಟಿನಲ್ಲಿ ಉರಿಯುತ್ತಿದ್ದ ನಾನೇ ಹಾಗೆ ಕೂಗಿದ್ದು. ಅಪ್ಪನ ದನಿ ನನ್ನ ಗಂಟಲಲ್ಲಿ ಇಷ್ಟು ಚೆನ್ನಾಗಿ ಯಾವ ಪೆಂಡಾಲಿನಲ್ಲೂ ಬಂದಿರಲಿಲ್ಲ. ಅವಳು ನಿಲ್ಲಲಿಲ್ಲ. ನಾನು ಹಿಂದೆಯೇ ಲ್ಯಾಬಿನವರೆಗೂ ಓಡಿದೆ.

"ಸಾ, ನೀವು ಎಣಿಸಿದ್ರಿ. ಓದ್ಲಿಲ್ಲ" ಎಂದು ಪುಟದ ಮೇಲೆ ಬೆರಳಿಟ್ಟಳು.

ಸಾರ್ ಕನ್ನಡಕ ಸರಿಪಡಿಸಿಕೊಂಡು ಓದಿದರು. ಕಿವಿ ಕೆಂಪಾಯಿತು. ತಮ್ಮ ಸಹಿಯ ಮೇಲೆ ಎರಡು ಗೀಟು ಎಳೆದರು. "ತಮಾಷೆ ಅಣ್ಣ ಒಬ್ಬನಿಗೆ ಸಾಕಮ್ಮಾ. ಇನ್ನೊಂದು ಪುಟ. ಸರಿಯಾಗಿ ಐದು."

"ಆಯ್ತು ಸಾ. ನೋಡ್ಕೊಂಡೇ ಬರೀಬೇಕಲ್ವಾ." ಡಬ್ಬಿಯಿಂದ ಇನ್ನೊಂದು ಹೂವು ತೆಗೆದು ಅವರ ಮುಂದಿಟ್ಟಳು. "ಇದನ್ನೂ ಕತ್ತರಿಸ್ಕೊಡಿ."

ಸಾರ್ ಬ್ಲೇಡು ಎತ್ತಿಕೊಂಡರು. ಕತ್ತರಿಸಬೇಕಾದರೆ ಎಣಿಸಬೇಕಲ್ಲ. ಎಣಿಸಿದರು. ಹುಬ್ಬು ಗಂಟಿಕ್ಕಿ ಹೂವನ್ನು ತಿರುಗಿಸಿ ಮತ್ತೊಮ್ಮೆ, ತುಟಿ ಅಲುಗಿಸುತ್ತ, ಎಣಿಸಿದರು. ಅವ್ವ ಕಂಡುಹಿಡಿದ ಗಿಡದ್ದು ಅದು, ಏಳಿತ್ತು. ಬ್ಲೇಡು ಒಂದು ಎಸಳಿನ ಹತ್ತಿರ ಹೋಯಿತು, ಅಲ್ಲಿಂದ ಪಕ್ಕದ್ದಕ್ಕೆ ಹೋಯಿತು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಹೆಚ್ಚಿನದು ಇದು ಎಂದು ಯಾವುದರ ಮೇಲೂ ಬರೆದಿರಲಿಲ್ಲ.

"ಯಾವುದನ್ನಮ್ಮಾ ಕತ್ತರಿಸ್ಲಿ?" ಎಂದರು. ನಿಜವಾಗಿಯೂ ಕೇಳುತ್ತಿದ್ದರು.

"ಪುಸ್ತಕದಲ್ಲಿಲ್ವಾ ಸಾ?" ಎಂದಳು ಸಿಂಚನಾ. ಕೊಂಕು ಒಂದಿಷ್ಟೂ ಇರಲಿಲ್ಲ ಆ ದನಿಯಲ್ಲಿ. ಎಷ್ಟು ಸಲ ಅಭ್ಯಾಸ ಮಾಡಿದರೂ ಆ ದನಿ ನನಗೆ ಬರುವುದಿಲ್ಲ.

ಸಾರ್ ಬ್ಲೇಡು ಕೆಳಗಿಟ್ಟರು. ರೆಕಾರ್ಡನ್ನು ಹಿಂದಕ್ಕೆ ತಿರುವಿ, ಅವಳ ಮೊದಲ ಚಿತ್ರ, ಕೆಂಪು ಗೀಟು ಬಿದ್ದ ಆರೆಸಳಿನ ಪುಟ ತೆಗೆದು, ಅದರ ಕೆಳಗೆ ಚಿಕ್ಕದಾಗಿ ಸಹಿ ಹಾಕಿದರು. "ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳ್ಬೇಡ" ಎಂದರು. ಸಿಂಚನಾ ರೆಕಾರ್ಡ್ ಎದೆಗವಚಿಕೊಂಡಳು. ಈಗ ನಕ್ಕಳು.

ನನಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಸಾರ್ "ನೆಕ್ಸ್ಟ್" ಎಂದರು. ಮುಂದಿನ ಹುಡುಗಿ ಬಂದು ರೆಕಾರ್ಡ್ ಚಾಚಿದಳು. ಐದೆಸಳು, ಪುಸ್ತಕದಲ್ಲಿದ್ದಂತೆ, ಅಳೆದು ಬರೆದದ್ದು. ಅವಳು ಹೂವು ತಂದಿರಲಿಲ್ಲ. ಎಲ್ಲಿ ಎಂದು ಸಾರ್ ಕೇಳಲೂ ಇಲ್ಲ. ಸಹಿ ಹಾಕಿದರು. ಅವಳ ಹಿಂದೆ ಸಾಲು ಬಾಗಿಲಾಚೆಗೂ ನಿಂತಿತ್ತು, ಒಬ್ಬಳ ಕೈಯಲ್ಲೂ ಒಂದು ಹೂವಿರಲಿಲ್ಲ.